ಮೊಸರಿನ ಬಟ್ಟಲಲ್ಲಿ ಸಾವಿರ ಕೋಟಿ

ಬೆಂಗಳೂರಿನ ಬಳ್ಳಾರಿ ರಸ್ತೆಯ ಹೆಬ್ಬಾಳದಲ್ಲಿ ಸೂಕ್ಷ್ಮಜೀವಿಗಳ ಮಟ್ಟಿಗೆ ಒಂದು ವಿಚಿತ್ರ ನೆರೆಹೊರೆ ಇದೆ. ಒಂದು ಕಡೆ ಪಶುಗಳಿಗೆ ಲಸಿಕೆ ತಯಾರಿಸುವ ಸರ್ಕಾರಿ ಸಂಸ್ಥೆ. ಮೈಸೂರು ಸಂಸ್ಥಾನದ ಕಾಲದಲ್ಲಿ, ಊರೂರಿನ ದನಗಳನ್ನು ಗುಡಿಸಿ ಹಾಕುತ್ತಿದ್ದ ದೊಡ್ಡರೋಗವನ್ನು ತಡೆಯಲು ಸೀರಂ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಹುಟ್ಟಿದ್ದು ಅದು. ರೋಗಾಣುಗಳನ್ನು ಸೋಲಿಸುವುದು ಅಲ್ಲಿಯ ಕಸುಬು. ಅದೇ ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜಿನಲ್ಲಿ ಪಾಠ ತಿರುಗುಮುರುಗು. ಬ್ಯಾಕ್ಟೀರಿಯಾವನ್ನು ಬೆಚ್ಚಗಿಟ್ಟು, ಹಾಲು ಕುಡಿಸಿ, ಚೆನ್ನಾಗಿ ಬೆಳೆಸುವುದು ಹೇಗೆ ಎಂಬುದನ್ನು ಅಲ್ಲಿ ಕಲಿಯಬೇಕು.

ಡೇರಿ ಪ್ರಯೋಗಾಲಯದಲ್ಲಿ ಮೊಸರಿನ ಜೀವಿಗಳನ್ನು ಎಣಿಸುವ ರೀತಿ ನೋಡುವಂಥದ್ದು. ಒಂದು ಮಿಲಿಲೀಟರ್ ಮೊಸರನ್ನು ಒಂಬತ್ತು ಮಿಲಿಲೀಟರ್ ಶುದ್ಧ ದ್ರಾವಣಕ್ಕೆ ಹಾಕಿ ಕಲಕುತ್ತಾರೆ. ಅದರಿಂದ ಒಂದು ಮಿಲಿ ತೆಗೆದು ಮುಂದಿನ ಕೊಳವೆಗೆ, ಅಲ್ಲಿಂದ ಮತ್ತೊಂದಕ್ಕೆ. ಆರನೆಯ ಕೊಳವೆಗೆ ಬರುವಷ್ಟರಲ್ಲಿ ಮೊಸರಿನ ಬಿಳುಪು ಪೂರ್ತಿ ಮಾಯವಾಗಿ ಕಣ್ಣಿಗೆ ಬರೀ ನೀರು ಕಾಣುತ್ತದೆ. ಆ ನೀರಿನ ಒಂದು ಮಿಲಿಯನ್ನು ಗಾಜಿನ ತಟ್ಟೆಗೆ ಬಿಟ್ಟು, ಬ್ಯಾಕ್ಟೀರಿಯಾಕ್ಕೆ ಊಟವಾಗುವ ಅಗರ್ ಸುರಿದು, ಗಟ್ಟಿಯಾದ ಮೇಲೆ ಬೋರಲು ಹಾಕಿ 37 ಡಿಗ್ರಿಯ ಪೆಟ್ಟಿಗೆಯಲ್ಲಿಡುತ್ತಾರೆ. ಎರಡು ದಿನ ಕಳೆದು ತೆಗೆದರೆ ತಟ್ಟೆಯ ತುಂಬ ಸಾಸಿವೆಗಿಂತ ಸಣ್ಣ ಬೆಳ್ಳನೆ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ಜೀವಿಯೋ ಒಂದು ಸಣ್ಣ ಗುಂಪೋ ಬೆಳೆದು ಆದದ್ದು. ನೂರು ಚುಕ್ಕೆ ಸಿಕ್ಕರೆ, ಮೊದಲಿನ ಮೊಸರಿನ ಪ್ರತಿ ಮಿಲಿಯಲ್ಲಿ ಹತ್ತು ಕೋಟಿ ಜೀವಿಗಳಿದ್ದವು ಎಂದು ಲೆಕ್ಕ. ಹೊಸದಾಗಿ ಹೆಪ್ಪುಗಟ್ಟಿದ ಒಳ್ಳೆಯ ಮೊಸರಿನಲ್ಲಿ ಇದು ಅಪರೂಪದ ಸಂಖ್ಯೆಯೇನಲ್ಲ. ಆ ಲೆಕ್ಕದಲ್ಲಿ ನೂರು ಗ್ರಾಂ ಹಿಡಿಯುವ ಬಟ್ಟಲಿನಲ್ಲಿ ಸಾವಿರ ಕೋಟಿ.

ಈ ಸಾವಿರ ಕೋಟಿ ಜೀವಿಗಳು ಉಂಡವರಿಗೆ ಏನಾದರೂ ಉಪಕಾರ ಮಾಡುತ್ತವೆಯೇ? ಯಲಹಂಕದಿಂದ ಆರ್.ಟಿ. ನಗರದವರೆಗೆ ಯಾವ ಸೂಪರ್‌ಮಾರ್ಕೆಟ್ಟಿನ ತಂಪು ಕಪಾಟನ್ನು ತೆರೆದರೂ 'ಪ್ರೋಬಯಾಟಿಕ್' ಎಂದು ಬರೆದ ಬಾಟಲಿಗಳು, ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಪಕ್ಕದಲ್ಲೇ ಸಾದಾ ಮೊಸರಿನ ಪ್ಯಾಕೆಟ್ಟು ಕಡಿಮೆ ಬೆಲೆಗೆ ಬಿದ್ದಿರುತ್ತದೆ. ಬೆಲೆಯ ವ್ಯತ್ಯಾಸಕ್ಕೆ ತಕ್ಕ ಹುರುಳು ಅದರಲ್ಲಿದೆಯೇ ಎಂದು ಕೇಳುವ ಹಕ್ಕು ಗ್ರಾಹಕರಿಗೆ ಇದ್ದೇ ಇದೆ.

ಪ್ರೋಬಯಾಟಿಕ್ ಎಂದರೇನು ಎಂಬುದನ್ನು 2001ರಲ್ಲಿ ಅರ್ಜೆಂಟೀನಾದ ಕೋರ್ಡೋಬಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ತಜ್ಞರು ಸೇರಿ ಗೊತ್ತುಮಾಡಿದರು. ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿ ಸೇವಿಸಿರಬೇಕು, ಸೇವಿಸಿದವರಿಗೆ ಆರೋಗ್ಯದ ಲಾಭ ಆಗಿರಬೇಕು. ಮೂರನೆಯ ಷರತ್ತಿನಲ್ಲೇ ಎಲ್ಲ ತಕರಾರೂ ಇರುವುದು. ಲಾಭವಾಗಿದೆ ಎಂದು ತೋರಿಸಲು ನಿರ್ದಿಷ್ಟ ತಳಿಯನ್ನು ಮನುಷ್ಯರ ಮೇಲೆ ಪರೀಕ್ಷಿಸಿರಬೇಕು. ಮನೆಯಲ್ಲಿ ನಿನ್ನೆಯ ಮೊಸರನ್ನೇ ಒಂದು ಚಮಚ ಹೆಪ್ಪು ಹಾಕಿ ಮಾಡಿದ ಮೊಸರಿನಲ್ಲಿ ಯಾವ ತಳಿಗಳಿವೆ ಎಂದು ಯಾರಿಗೆ ಗೊತ್ತು? ಹೆಪ್ಪು ಮನೆಯಿಂದ ಮನೆಗೆ ಬೇರೆ. ಹಾಗಾಗಿ ಶಾಸ್ತ್ರಕ್ಕೆ ಸರಿಯಾಗಿ ಹೇಳುವುದಾದರೆ ಅಜ್ಜಿಯ ಕೈಯ ಮೊಸರು ಜೀವಂತ ಹುದುಗಿದ ಆಹಾರ, ಪ್ರೋಬಯಾಟಿಕ್ ಅಲ್ಲ. ಅಜ್ಜಿಗೆ ಇದರಿಂದ ನಷ್ಟವೇನೂ ಇಲ್ಲ.

ಇಡ್ಲಿಯ ಕಥೆ ಇನ್ನೂ ಸ್ವಾರಸ್ಯ. 'ನಮ್ಮ ಇಡ್ಲಿಯೇ ಪ್ರೋಬಯಾಟಿಕ್' ಎಂದು ಹೆಮ್ಮೆಯಿಂದ ಹೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಹೆಮ್ಮೆಗೆ ಕಾರಣವೂ ಇದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿ ಮತ್ತು ಮಸಾಲೆ ಬೆರೆಸಿ ಇಡ್ಲಿ ಮಾಡುವ ವಿಧಾನವಿದೆ. ಅಂದಿನ ಇಡ್ಲಿಗೆ ಅಕ್ಕಿ ಇರಲಿಲ್ಲ. ಮಜ್ಜಿಗೆ ಮತ್ತು ತಿಳಿಯ ಮೂಲಕ ಹುಳಿ ಬ್ಯಾಕ್ಟೀರಿಯಾ ಮಾತ್ರ ಧಾರಾಳವಾಗಿ ಸೇರುತ್ತಿತ್ತು. ಇಂದಿನ ಹಿಟ್ಟನ್ನು ಉಕ್ಕಿಸುವ ಮುಖ್ಯ ಕೆಲಸಗಾರ ಲ್ಯೂಕೋನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ಎಂದು 1960ರ ದಶಕದಲ್ಲೇ ಸಂಶೋಧಕರು ತೋರಿಸಿದರು. ಆದರೆ ಹಿಟ್ಟು ಇಡ್ಲಿಪಾತ್ರೆ ಸೇರಿ ಹತ್ತು ನಿಮಿಷ ಹಬೆಯಲ್ಲಿ ಬೆಂದ ಮೇಲೆ ಅದರಲ್ಲಿ ಜೀವಂತ ಲ್ಯೂಕೋನೋಸ್ಟಾಕ್ ಉಳಿಯುವುದಿಲ್ಲ. ಕಾವಲಿಯ ಮೇಲಿನ ದೋಸೆಗೂ ಇದೇ ಗತಿ.

ಹಾಗೆಂದು ರಾತ್ರಿಯಿಡೀ ನಡೆದ ಹುದುಗುವಿಕೆ ದಂಡವಾಗಲಿಲ್ಲ. ಬ್ಯಾಕ್ಟೀರಿಯಾ ಸಾಯುವ ಮೊದಲು ಮಾಡಿದ ಕೆಲಸ ಹಿಟ್ಟಿನಲ್ಲೇ ಉಳಿಯುತ್ತದೆ. ಧಾನ್ಯ, ಬೇಳೆಗಳಲ್ಲಿ ಕಬ್ಬಿಣ ಮತ್ತು ಸತುವನ್ನು ಬಿಗಿಹಿಡಿದು ಕೂತ ಫೈಟೇಟ್ ಎಂಬ ವಸ್ತುವನ್ನು ಹುದುಗುವಿಕೆ ಒಡೆಯುತ್ತದೆ, ಆಗ ಆ ಖನಿಜಗಳು ದೇಹಕ್ಕೆ ಸುಲಭವಾಗಿ ದಕ್ಕುತ್ತವೆ. ರಾಗಿಯಲ್ಲೂ ಹೀಗೆಯೇ. ರಾಗಿ ಅಂಬಲಿಯಲ್ಲಿ ಇನ್ನೊಂದು ಅನುಕೂಲವಿದೆ. ಕಾಯಿಸಿದ ಗಂಜಿ ಆರಿದ ಮೇಲೆ ಮಜ್ಜಿಗೆ ಬೆರೆಸುವುದರಿಂದ ಮಜ್ಜಿಗೆಯ ಜೀವಿಗಳು ಬದುಕಿದ್ದೇ ಲೋಟಕ್ಕೆ ಬರುತ್ತವೆ. ಬಿಸಿಬಿಸಿ ಅಂಬಲಿಗೆ ಮಜ್ಜಿಗೆ ಹುಯ್ದರೆ ಆ ಅನುಕೂಲ ಹೋಯಿತು. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇಡಬಹುದಾದ ಟೆಟ್ರಾ ಪ್ಯಾಕಿನ ಮಜ್ಜಿಗೆಯೂ ಅಷ್ಟೇ. ಹುಳಿ ಬಂದ ಮೇಲೆ ಮತ್ತೆ ಕಾಯಿಸಿ ತುಂಬಿದ್ದರಿಂದಲೇ ಅದು ಅಷ್ಟು ದಿನ ಕೆಡದೆ ಇರುವುದು.

ಜೀವಂತವಾಗಿ ಗಂಟಲಿಳಿದರೂ ಮುಂದಿನ ದಾರಿ ಸಲೀಸಲ್ಲ. ಜಠರದ ಆಮ್ಲ, ಆಮೇಲೆ ಪಿತ್ತರಸ. ಎರಡನ್ನೂ ದಾಟಿ ದೊಡ್ಡ ಕರುಳು ತಲುಪಿದರೆ ಅಲ್ಲಿ ಜಾಗ ಈಗಾಗಲೇ ಭರ್ತಿ. ಒಬ್ಬ ವಯಸ್ಕರ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು 2016ರಲ್ಲಿ ಲೆಕ್ಕ ಹಾಕಿದರು. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲೇ. ಬಟ್ಟಲಿನ ಸಾವಿರ ಕೋಟಿಯೂ ಸುರಕ್ಷಿತವಾಗಿ ತಲುಪಿತು ಎಂದೇ ಇಟ್ಟುಕೊಂಡರೂ ಹೊಸದಾಗಿ ಬಂದ ಒಂದೊಂದಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ಹಳೆಯವು ಎದುರಾಗುತ್ತವೆ. ಹೆಚ್ಚಿನ ಪ್ರೋಬಯಾಟಿಕ್‌ಗಳು ಯಶವಂತಪುರ ನಿಲ್ದಾಣದ ಪ್ರಯಾಣಿಕರ ಹಾಗೆ. ಬರುತ್ತವೆ, ಸ್ವಲ್ಪ ಹೊತ್ತು ಗದ್ದಲ ಮಾಡುತ್ತವೆ, ಹೊರಡುತ್ತವೆ. ಸೇವನೆ ನಿಲ್ಲಿಸಿದ ಕೆಲವು ದಿನ ಅಥವಾ ವಾರಗಳಲ್ಲಿ ಮಲದಲ್ಲಿ ಅವುಗಳ ಸುಳಿವು ಸಿಗುವುದಿಲ್ಲ.

ಮೊಸರಿಗೂ ಆರೋಗ್ಯಕ್ಕೂ ಮೊದಲು ಗಂಟು ಹಾಕಿದವರು ರಷ್ಯಾ ಮೂಲದ ಇಲ್ಯಾ ಮೆಚ್ನಿಕಾಫ್. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಅವರಿಗೆ 1908ರ ನೊಬೆಲ್ ಬಂದದ್ದು ರೋಗನಿರೋಧಕ ಶಕ್ತಿಯ ಸಂಶೋಧನೆಗೆ. ಆದರೆ ಜನಸಾಮಾನ್ಯರ ನಡುವೆ ಅವರ ಹೆಸರು ಓಡಾಡಿದ್ದು ಬಲ್ಗೇರಿಯಾದ ಹಳ್ಳಿಗರ ದೀರ್ಘಾಯುಷ್ಯಕ್ಕೆ ಹುಳಿಹಾಲು ಕಾರಣ ಎಂಬ ವಾದದಿಂದ. ತಾವೂ ತಪ್ಪದೆ ಹುಳಿಹಾಲು ಕುಡಿದರು. 1916ರಲ್ಲಿ, 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಂದಿನ ಯುರೋಪಿಗೆ ಕೆಟ್ಟ ವಯಸ್ಸಲ್ಲ, ಆದರೆ ಅವರ ವಾದಕ್ಕೆ ಸಾಕ್ಷಿಯಾಗುವಷ್ಟೂ ಅಲ್ಲ. ಜಪಾನಿನ ಮಿನೋರು ಶಿರೋಟ ಇದೇ ಜಾಡಿನಲ್ಲಿ ಮುಂದೆ ಹೋಗಿ 1930ರಲ್ಲಿ ಕರುಳಿನವರೆಗೂ ಬದುಕುಳಿಯುವ ಒಂದು ತಳಿಯನ್ನು ಬೇರ್ಪಡಿಸಿದರು. 1935ರಲ್ಲಿ ಅದು ಯಾಕುಲ್ಟ್ ಎಂಬ ಪುಟ್ಟ ಬಾಟಲಿಯಾಗಿ ಮಾರುಕಟ್ಟೆಗೆ ಬಂತು. ಭಾರತದಲ್ಲಿ ಸಿಗುವ 65 ಮಿಲಿಯ ಬಾಟಲಿಯಲ್ಲಿ 650 ಕೋಟಿ ಶಿರೋಟ ತಳಿ ಇದೆ ಎಂದು ಕಂಪನಿ ಹೇಳುತ್ತದೆ. ಸಕ್ಕರೆಯೂ ಇದೆ ಎಂಬುದು ಕುಡಿದವರಿಗೆ ಗೊತ್ತು.

ಈ ಪಾನೀಯವನ್ನು ಭಾರತದಲ್ಲೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದಾರೆ. ಕೋಲ್ಕತ್ತದ ಕೊಳೆಗೇರಿಯೊಂದರಲ್ಲಿ ಒಂದರಿಂದ ಐದು ವರ್ಷದ 3,758 ಮಕ್ಕಳಿಗೆ ಹನ್ನೆರಡು ವಾರ ದಿನವೂ ಒಂದು ಬಾಟಲಿ. ಅರ್ಧದಷ್ಟು ಮಕ್ಕಳಿಗೆ ಶಿರೋಟ ತಳಿ ಇದ್ದದ್ದು, ಉಳಿದವರಿಗೆ ಅದಿಲ್ಲದ ಪಾನೀಯ. ಆರು ತಿಂಗಳ ನಿಗಾದ ಕೊನೆಗೆ ಭೇದಿಯಾದ ಮಕ್ಕಳು ಶಿರೋಟ ತಳಿ ಕುಡಿದ ಗುಂಪಿನಲ್ಲಿ 608, ಇನ್ನೊಂದರಲ್ಲಿ 674. ರಕ್ಷಣೆ ಶೇ. 14. ಫಲಿತಾಂಶ 2011ರಲ್ಲಿ ಪ್ರಕಟವಾಯಿತು, ಖರ್ಚಿಗೆ ಹಣ ಬಂದದ್ದು ಯಾಕುಲ್ಟ್ ಕಡೆಯಿಂದ. ಶೇ. 14 ಎಂದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದರೆ ಕುಡಿಯುವ ನೀರು ಕೊಳಕಾಗಿರುವ ಕಡೆ ಸಿಕ್ಕ ಈ ಸಣ್ಣ ಲಾಭವನ್ನು, ಮನೆಯಲ್ಲಿ ನೀರು ಶುದ್ಧೀಕರಿಸುವ ಯಂತ್ರ ಇಟ್ಟುಕೊಂಡ ಸಹಕಾರನಗರದ ಕುಟುಂಬಕ್ಕೆ ಹಾಗೆಯೇ ಅನ್ವಯಿಸುವುದು ತಪ್ಪು ಲೆಕ್ಕ.

ಬೆಂಗಳೂರಿನದೇ ಒಂದು ಪ್ರಕರಣ ಯಶವಂತಪುರದಾಚೆ ಪೀಣ್ಯದಲ್ಲಿದೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿರುವ, ಹಿಂದೆ ಸಾಮಿ ಲ್ಯಾಬ್ಸ್ ಎನಿಸಿಕೊಂಡಿದ್ದ ಕಂಪನಿ ಬ್ಯಾಸಿಲಸ್ ಕೊಯಾಗುಲನ್ಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಲ್ಯಾಕ್ಟೋಸ್ಪೋರ್ ಹೆಸರಿನಲ್ಲಿ ಮಾರುತ್ತದೆ. ಈ ಬ್ಯಾಕ್ಟೀರಿಯಾದ ಪೂರ್ವಚರಿತ್ರೆ ಅಷ್ಟು ಗೌರವದ್ದಲ್ಲ. 1915ರಲ್ಲಿ ಅಮೆರಿಕದ ಅಯೋವಾದಲ್ಲಿ ಡಬ್ಬಿಯ ಗಟ್ಟಿಹಾಲು ಏಕೆ ಒಡೆಯುತ್ತಿದೆ ಎಂದು ಹುಡುಕಹೋದಾಗ ಸಿಕ್ಕಿಬಿದ್ದ ಆರೋಪಿ ಇದು. ಕಷ್ಟ ಬಂದಾಗ ಗಟ್ಟಿ ಕವಚದ ಬೀಜಾಣುವಾಗಿ ಕೂತುಬಿಡುವುದು ಇದರ ವಿದ್ಯೆ. ಡಬ್ಬಿ ಕಾಯಿಸಿದರೂ ಸಾಯದೆ ಉಳಿದದ್ದು ಅದರಿಂದಲೇ. ಹಾಲಿನವರಿಗೆ ತಲೆನೋವಾಗಿದ್ದ ಈ ಗುಣವೇ ಔಷಧದವರಿಗೆ ವರವಾಯಿತು. ಫ್ರಿಜ್ ಬೇಡ, ಜಠರದ ಆಮ್ಲಕ್ಕೆ ಬಗ್ಗುವುದಿಲ್ಲ, ಬೇಕರಿ ತಿನಿಸಿಗೂ ಬೆರೆಸಬಹುದು.

ಈ ತಳಿಯನ್ನು ಕಂಪನಿಯ ಸ್ಥಾಪಕ ಮುಹಮ್ಮದ್ ಮಜೀದ್ ಮತ್ತು ಸಂಗಡಿಗರು ಕರುಳಿನ ಕಿರಿಕಿರಿಯ ರೋಗಿಗಳ ಮೇಲೆ, ಅಂದರೆ ಪದೇಪದೇ ಭೇದಿ, ಹೊಟ್ಟೆ ಉಬ್ಬರ, ನೋವು ಅನುಭವಿಸುವವರ ಮೇಲೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ದಿನಕ್ಕೆ 200 ಕೋಟಿ ಬೀಜಾಣು, ತೊಂಬತ್ತು ದಿನ. ತಳಿ ಸೇವಿಸಿದವರಲ್ಲಿ ತೊಂದರೆಗಳು ಸ್ಪಷ್ಟವಾಗಿ ತಗ್ಗಿದವು. ಯಾರಿಗೆ ಯಾವುದು ಸಿಕ್ಕಿದೆ ಎಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ನಡೆದ ಪರೀಕ್ಷೆ ಅದು, ಕ್ರಮ ಸರಿಯಾದದ್ದೇ. ಆದರೆ ರೋಗಿಗಳು ಒಟ್ಟು 36 ಮಂದಿ. ಮಾರುವವರೇ ಪರೀಕ್ಷಿಸುವುದು ಈ ರಂಗದಲ್ಲಿ ಪೀಣ್ಯದಿಂದ ಟೋಕಿಯೊವರೆಗೆ ಎಲ್ಲ ಕಡೆಯ ರೂಢಿ. ಅಂಥ ಫಲಿತಾಂಶವನ್ನು ಸುಳ್ಳೆಂದು ತಳ್ಳಿಹಾಕಬೇಕಿಲ್ಲ, ಬೇರೆಯವರು ಇನ್ನೂ ದೊಡ್ಡದಾಗಿ ಮಾಡಿ ನೋಡುವವರೆಗೆ ಕಾಯಬೇಕಷ್ಟೆ.

ಕಾಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಮಕ್ಕಳ ಭೇದಿಯೇ ಉದಾಹರಣೆ. ವೈದ್ಯಕೀಯ ಪರೀಕ್ಷೆಗಳನ್ನೆಲ್ಲ ಒಟ್ಟುಹಾಕಿ ತೂಗುವ ಕಾಕ್ರೇನ್ ಎಂಬ ಸಂಘಟನೆ 2010ರಲ್ಲಿ 63 ಅಧ್ಯಯನಗಳನ್ನು ಜೋಡಿಸಿ, ಪ್ರೋಬಯಾಟಿಕ್ ಕೊಟ್ಟರೆ ಭೇದಿ ಸುಮಾರು ಒಂದು ದಿನ ಮೊದಲೇ ನಿಲ್ಲುತ್ತದೆ ಎಂದಿತ್ತು. ಎಂಟು ವರ್ಷದ ನಂತರ ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಲ್ಲಿ 971 ಮಕ್ಕಳ ಮೇಲೆ ಮತ್ತು ಕೆನಡಾದಲ್ಲಿ 886 ಮಕ್ಕಳ ಮೇಲೆ ನಡೆದ ಎರಡು ಶಿಸ್ತಿನ ಪರೀಕ್ಷೆಗಳು ಒಟ್ಟಿಗೇ ಪ್ರಕಟವಾದವು. ಎರಡರಲ್ಲೂ ಪ್ರೋಬಯಾಟಿಕ್ ಕುಡಿದವರಿಗೂ ಕುಡಿಯದವರಿಗೂ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಅದೇ ಕಾಕ್ರೇನ್ 82 ಅಧ್ಯಯನಗಳನ್ನು ಹಿಡಿದು ಮತ್ತೆ ತೂಗಿ, ಎರಡು ದಿನ ಮೀರುವ ಭೇದಿಯ ಮೇಲೆ ಬಹುಶಃ ಪರಿಣಾಮ ಇಲ್ಲ ಅಥವಾ ಅತ್ಯಲ್ಪ ಎಂದಿತು. ಈ ನಡುವೆ ಎಷ್ಟು ಕೋಟಿ ಸ್ಯಾಷೆಗಳು ಮಾರಾಟವಾಗಿರಬಹುದೋ! ಭೇದಿಯಾದ ಮಗುವಿಗೆ ಮೊದಲು ಬೇಕಾದದ್ದು ಅಂದೂ ಇಂದೂ ಓಆರ್‌ಎಸ್ ಮತ್ತು ಸತುವಿನ ಔಷಧಿ.

ಆಂಟಿಬಯಾಟಿಕ್ ಜೊತೆಗೆ ವೈದ್ಯರು ಬರೆದುಕೊಡುವ ಸ್ಯಾಷೆಯ ವಿಷಯ ಬೇರೆ. ಅಲ್ಲಿ ಪುರಾವೆ ಗಟ್ಟಿಯಾಗಿದೆ. ಮಕ್ಕಳ ಮೇಲಿನ 33 ಪರೀಕ್ಷೆಗಳನ್ನು 2019ರಲ್ಲಿ ಸೇರಿಸಿ ನೋಡಿದಾಗ, ಆಂಟಿಬಯಾಟಿಕ್‌ನಿಂದ ಭೇದಿಯಾದದ್ದು ಪ್ರೋಬಯಾಟಿಕ್ ಇಲ್ಲದವರಲ್ಲಿ ಶೇ. 19, ಇದ್ದವರಲ್ಲಿ ಶೇ. 8. ಇದಕ್ಕೂ ಒಂದು ಕೊಕ್ಕೆ ಇದೆ. 2018ರಲ್ಲಿ ವೈಜ್‌ಮನ್ ಸಂಸ್ಥೆಯವರು ಆಂಟಿಬಯಾಟಿಕ್ ಮುಗಿಸಿದ ಕೆಲವೇ ಸ್ವಯಂಸೇವಕರ ಕರುಳಿನ ಒಳಗೇ ನಳಿಕೆ ಇಳಿಸಿ ಮಾದರಿ ತೆಗೆದು ನೋಡಿದರು. ಹನ್ನೊಂದು ತಳಿಗಳ ಮಿಶ್ರಣ ಸೇವಿಸಿದವರಲ್ಲಿ ಅವರದೇ ಹಳೆಯ ಬ್ಯಾಕ್ಟೀರಿಯಾ ಸಮೂಹ ಮರಳಿ ಬರುವುದು ತಡವಾಯಿತು, ಏನೂ ಸೇವಿಸದವರಲ್ಲಿ ಬೇಗ ಮರಳಿತು. ಭೇದಿ ತಪ್ಪುವುದೂ ಮೊದಲಿನ ಸ್ಥಿತಿಗೆ ಮರಳುವುದೂ ಒಂದೇ ಅಲ್ಲ ಎಂದಾಯಿತು. ಚಿಕ್ಕ ಅಧ್ಯಯನ ನಿಜ, ಆದರೂ ಆಂಟಿಬಯಾಟಿಕ್ ಕೋರ್ಸ್ ಮುಗಿದ ಮೇಲೂ 'ಇರಲಿ, ಒಳ್ಳೆಯದು' ಎಂದು ತಿಂಗಳುಗಟ್ಟಲೆ ಕ್ಯಾಪ್ಸೂಲ್ ನುಂಗುವವರು ಸ್ವಲ್ಪ ನಿಲ್ಲಬೇಕಾದ ಜಾಗ.

ತಳಿಯನ್ನು ಸರಿಯಾಗಿ ಆರಿಸಿದರೆ ಏನಾಗಬಹುದು ಎಂಬುದಕ್ಕೆ ಒಡಿಶಾದ ಹಳ್ಳಿಗಳು ಸಾಕ್ಷಿ. ಸಂಶೋಧಕ ಪಿನಾಕಿ ಪಾಣಿಗ್ರಾಹಿ ಅವರ ತಂಡ ನೂರಾರು ತಳಿಗಳನ್ನು ಸೋಸಿ, ನವಜಾತ ಶಿಶುವಿನ ಕರುಳಿನಲ್ಲಿ ನೆಲೆನಿಲ್ಲುವ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟರಮ್ ತಳಿಯೊಂದನ್ನು ಆರಿಸಿತು. ಅದಕ್ಕೆ ಆಹಾರವಾಗಿ ಒಂದು ಬಗೆಯ ಸಕ್ಕರೆನಾರನ್ನು ಬೆರೆಸಿ, ಎದೆಹಾಲು ಕುಡಿಯುವ 4,556 ಶಿಶುಗಳ ಪೈಕಿ ಅರ್ಧದಷ್ಟು ಕಂದಮ್ಮಗಳಿಗೆ ಬರೀ ಏಳು ದಿನ ಕೊಟ್ಟರು. ಎರಡು ತಿಂಗಳ ಒಳಗೆ ನಂಜಾದ ಅಥವಾ ತೀರಿಕೊಂಡ ಶಿಶುಗಳ ಪ್ರಮಾಣ ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. 2017ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು. ಪ್ರೋಬಯಾಟಿಕ್‌ಗಳ ಇಡೀ ಚರಿತ್ರೆಯಲ್ಲಿ ಇಷ್ಟು ದೊಡ್ಡ ಫಲ ವಿರಳ. ಇದನ್ನು ಓದಿ ಯಾರೂ ಎಳೆಗೂಸಿಗೆ ಅಂಗಡಿಯ ಪುಡಿ ತಂದು ಕುಡಿಸಬಾರದು. ಅಲ್ಲಿನ ಮಕ್ಕಳು ಹೆಚ್ಚುಕಡಿಮೆ ದಿನ ತುಂಬಿ ಹುಟ್ಟಿದವರು, ತೂಕ ಎರಡು ಕಿಲೋ ಮೀರಿದವರು. ಅವಧಿಗೆ ಮುಂಚೆ ಹುಟ್ಟಿದ ಶಿಶುವೊಂದು ಪ್ರೋಬಯಾಟಿಕ್ ಉತ್ಪನ್ನದಲ್ಲಿದ್ದ ಬ್ಯಾಕ್ಟೀರಿಯಾದಿಂದಲೇ ನಂಜಾಗಿ ಸತ್ತ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ವೈದ್ಯರಿಗೆ ಎಚ್ಚರಿಕೆ ಕೊಡಬೇಕಾಯಿತು. ಹಾಗಾಗಿ ತೀರಾ ದುರ್ಬಲರ ವಿಷಯದಲ್ಲಿ ವೈದ್ಯರೇ ಹೇಳಬೇಕು.

ಜಾಹೀರಾತಿನವರು ಮಾತ್ರ ಹೀಗೆ ತಳಿ, ಪ್ರಮಾಣ, ರೋಗ ಎಂದು ಬಿಡಿಸಿ ನೋಡುವುದಿಲ್ಲ. 'ರೋಗನಿರೋಧಕ ಶಕ್ತಿ', 'ಜೀರ್ಣಶಕ್ತಿ' ಎಂಬ ಎರಡು ಮಾತಿನಲ್ಲಿ ಎಲ್ಲ ಮುಗಿಯುತ್ತದೆ. ಮೊಸರು ಮಾರುವ ಡ್ಯಾನನ್ ಕಂಪನಿ ಅಮೆರಿಕದಲ್ಲಿ ಇಂಥ ಮಾತುಗಳಿಗಾಗಿ 2010ರಲ್ಲಿ 39 ರಾಜ್ಯಗಳಿಗೆ 2.1 ಕೋಟಿ ಡಾಲರ್ ಕಟ್ಟಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇನ್ನೂ ಬಿಗಿ. ಪ್ರೋಬಯಾಟಿಕ್ ಹೆಸರಿನಲ್ಲಿ ಬಂದ ಅರ್ಜಿಗಳನ್ನು ಸಾಲಾಗಿ ತಿರಸ್ಕರಿಸಿದ ಅದು 2010ರಲ್ಲಿ ಒಪ್ಪಿದ್ದು ತೀರ ಸಾದಾ ಸಂಗತಿಯೊಂದನ್ನು: ಜೀವಂತ ಬ್ಯಾಕ್ಟೀರಿಯಾ ಇರುವ ಮೊಸರು, ಹಾಲಿನ ಸಕ್ಕರೆ ಅರಗದವರಿಗೆ ಅದನ್ನು ಅರಗಿಸಲು ನೆರವಾಗುತ್ತದೆ.

ಸಾದಾ ಆದರೂ ಕರ್ನಾಟಕದವರಿಗೆ ಇದು ಹತ್ತಿರದ ವಿಷಯ. ದೊಡ್ಡವರಾದ ಮೇಲೂ ಲ್ಯಾಕ್ಟೋಸ್ ಎಂಬ ಈ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕೊಡುವ ಜೀನ್ ರೂಪ ಭಾರತದ ವಾಯವ್ಯದಲ್ಲಿ ಹೆಚ್ಚು, ದಕ್ಷಿಣ ಮತ್ತು ಪೂರ್ವಕ್ಕೆ ಬಂದಂತೆ ಕಡಿಮೆ. ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವ ಎಷ್ಟೋ ಜನ ಎರಡು ಸೌಟು ಮೊಸರನ್ನ ಉಂಡು ಆರಾಮವಾಗಿ ಮಲಗುತ್ತಾರೆ. ಕಾರಣವನ್ನು 1984ರಲ್ಲೇ ತೋರಿಸಿದ್ದಾರೆ. ಮೊಸರಿನ ಬ್ಯಾಕ್ಟೀರಿಯಾ ತನ್ನೊಳಗೆ ಲ್ಯಾಕ್ಟೋಸ್ ಒಡೆಯುವ ಕಿಣ್ವವನ್ನು ಇಟ್ಟುಕೊಂಡಿರುತ್ತದೆ. ಸಣ್ಣ ಕರುಳಿನಲ್ಲಿ ಪಿತ್ತರಸ ಬಿದ್ದು ಅದರ ಗೋಡೆ ಸಡಿಲವಾಗುತ್ತದೆ, ಕಿಣ್ವ ಕೆಲಸಕ್ಕಿಳಿಯುತ್ತದೆ, ಮೊಸರಿನಲ್ಲೇ ಉಳಿದಿದ್ದ ಸಕ್ಕರೆ ಒಡೆಯುತ್ತದೆ. ದೊಡ್ಡ ಕರುಳು ಮುಟ್ಟದೆ, ಅಲ್ಲಿ ನೆಲೆಸದೆ, ದಾರಿಯಲ್ಲೇ ಸತ್ತು ಉಪಕಾರ ಮಾಡುವ ಈ ಬ್ಯಾಕ್ಟೀರಿಯಾ ದುಬಾರಿ ಬಾಟಲಿಯಲ್ಲಿ ಮಾತ್ರ ಸಿಗುವಂಥದ್ದೂ ಅಲ್ಲ.

ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2016ರ ನಿಯಮಗಳಲ್ಲಿ ಪ್ರೋಬಯಾಟಿಕ್ ಎನಿಸಿಕೊಳ್ಳಬಹುದಾದ ತಳಿಗಳ ಪಟ್ಟಿ ಕೊಟ್ಟು, ದಿನದ ಪಾಲಿನಲ್ಲಿ ಕನಿಷ್ಠ ಹತ್ತು ಕೋಟಿ ಜೀವಂತ ಜೀವಿಗಳಿರಬೇಕು ಎಂದು ವಿಧಿಸಿತು. ಕೊಳ್ಳುವವರು ಪ್ಯಾಕಿನ ಬೆನ್ನು ತಿರುಗಿಸಿ ನೋಡಬೇಕು. ಬ್ಯಾಕ್ಟೀರಿಯಾದ ಹೆಸರಿನ ಮುಂದೆ ತಳಿಯ ಅಕ್ಷರ, ಅಂಕಿ ಇಲ್ಲದಿದ್ದರೆ ಅದನ್ನು ಯಾವ ಪರೀಕ್ಷೆಯೊಂದಿಗೂ ತಾಳೆ ನೋಡಲಾಗದು. ಪ್ಯಾಕ್ ತಂಪಾಗಿ ಬಂದಿದೆಯೇ ಎಂಬುದೂ ಮುಖ್ಯ. ಏಪ್ರಿಲ್ ಮಧ್ಯಾಹ್ನ ಡೆಲಿವರಿ ಚೀಲದಲ್ಲಿ ಕೂತು ಹೆಬ್ಬಾಳ ಜಂಕ್ಷನ್ ದಾಟಲು ಒದ್ದಾಡಿದ ಬಾಟಲಿಯಲ್ಲಿ ಲೇಬಲ್ಲಿನ ಸಂಖ್ಯೆ ಹಾಗೇ ಉಳಿದಿರುತ್ತದೆ ಎಂದು ನಂಬಲು ಧೈರ್ಯ ಬೇಕು.

ಒಂದೊಂದು ತಳಿಯನ್ನೂ ಬೇರೆಬೇರೆ ಹಿಡಿದು ನೋಡುವ ಬದಲು ಹುದುಗಿದ ಆಹಾರವನ್ನೇ ಒಟ್ಟಾಗಿ ಪರೀಕ್ಷಿಸಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು. 2021ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 36 ಮಂದಿ ಆರೋಗ್ಯವಂತರಿದ್ದರು. ಒಂದು ಗುಂಪು ಹತ್ತು ವಾರ ನಾರಿನ ಆಹಾರ ಹೆಚ್ಚು ತಿಂದಿತು, ಇನ್ನೊಂದು ಮೊಸರು, ಕೆಫೀರ್, ಕಿಮ್ಚಿ, ಕೊಂಬುಚದಂಥವನ್ನು ದಿನಕ್ಕೆ ಸರಾಸರಿ ಆರು ಪಾಲಿನಷ್ಟು. ಎರಡನೆಯ ಗುಂಪಿನವರ ಕರುಳಿನಲ್ಲಿ ಬ್ಯಾಕ್ಟೀರಿಯಾದ ವೈವಿಧ್ಯ ಏರಿತು, ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ಇಳಿದವು. ಆರು ಪಾಲು ಎಂದರೆ ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಮೊಸರನ್ನ, ನಡುವೆ ಎರಡು ಲೋಟ ಮಜ್ಜಿಗೆ ಆದ ಮೇಲೂ ಇನ್ನೆರಡು ಬಾಕಿ. ಉಪ್ಪಿನಕಾಯಿಯಿಂದ ಲೆಕ್ಕ ತುಂಬಿಸಹೋದರೆ ರಕ್ತದೊತ್ತಡ ಕೇಳಬೇಕಾಗುತ್ತದೆ. ಆ ಅಧ್ಯಯನದಲ್ಲಿ ಇನ್ನೊಂದು ಒಗಟೂ ಇತ್ತು. ಹೊಸದಾಗಿ ಕಾಣಿಸಿಕೊಂಡ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ತಿಂದ ಆಹಾರದಲ್ಲಿ ಇದ್ದವಲ್ಲ. ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಸಂಖ್ಯೆಯಲ್ಲಿ ಕರುಳಿನಲ್ಲೇ ಇದ್ದವು ಮೇಲೆದ್ದವೋ, ಬದಲಾದ ಕರುಳು ಹೊರಗಿನವಕ್ಕೆ ಬಾಗಿಲು ತೆರೆಯಿತೋ, ಸಂಶೋಧಕರು ಈಗ ಹಿಂಬಾಲಿಸುತ್ತಿರುವುದು ಆ ಜಾಡನ್ನು.